ಹಳ್ಳಿಯ ಮಗುವಿಗೆ ಎಚ್‌ಐವಿ ಚಿಕಿತ್ಸೆ ತಪ್ಪದಂತೆ: ಆರನೇ ವಾರದಿಂದ ಹಾಸ್ಟೆಲ್‌ವರೆಗೆ

ಎಚ್‌ಐವಿಗೆ ಉಚಿತ ಎಆರ್‌ಟಿ ಔಷಧ (ವೈರಸ್ಸನ್ನು ಹತ್ತಿಕ್ಕಲು ದಿನವೂ ತಗೊಳ್ಳುವಂಥದ್ದು) ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಲ್ಲಿ ಶುರುವಾಯಿತು. ಮಕ್ಕಳಿಗೆಂದೇ ವಿಶೇಷ ಕಾರ್ಯಕ್ರಮ ಬಂದದ್ದು 2006ರ ಕೊನೆಗೆ. ಗುಳಿಗೆಗೆ ದುಡ್ಡಿಲ್ಲ, ರಕ್ತ ಪರೀಕ್ಷೆಗೂ ದುಡ್ಡಿಲ್ಲ. ಆದರೂ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಮಕ್ಕಳು ಚಿಕಿತ್ಸೆಯಿಂದ ಜಾರಿಹೋಗುತ್ತಾರೆ. ಜಾರುವುದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ: ಹೆರಿಗೆ ಆಸ್ಪತ್ರೆಯಿಂದ ತವರುಮನೆಗೆ, ತವರಿನಿಂದ ಗಂಡನ ಮನೆಗೆ, ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಮಡಿಲಿಗೆ, ಅಜ್ಜಿಯ ಮನೆಯಿಂದ ಹಾಸ್ಟೆಲ್‌ಗೆ. ಹೀಗೆ ದಾಟುವ ಪ್ರತಿಯೊಂದು ಜಾಗದಲ್ಲೂ ಏನು ಮಾಡಬೇಕು ಎಂಬುದು ಈ ಬರಹ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಮಗುವನ್ನು ಸಾಕುತ್ತಿರುವ ಅಜ್ಜಿ, ದೊಡ್ಡಮ್ಮ, ಸೋದರಮಾವ ಇವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಎಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಮಗುವಿನ ಹೊಣೆ ಹೊರುವ ಒಬ್ಬ ದೊಡ್ಡವರು ಯಾರು, ಅವರಿಗೆ ಆಗದಿದ್ದಾಗ ಎರಡನೆಯವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ‘ಮನೆಯವರೆಲ್ಲ ನೋಡ್ಕೋತೀವಿ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಆ ಇಬ್ಬರ ಫೋನ್ ನಂಬರ್ ಎಆರ್‌ಟಿ ಸೆಂಟರ್‌ನ ಕೌನ್ಸೆಲರ್ ಬಳಿ ಇರಬೇಕು, ಕೌನ್ಸೆಲರ್ ನಂಬರ್ ಇವರ ಬಳಿ ಇರಬೇಕು.

ಹೆರಿಗೆಗೆ ಮುಂಚೆ: ತವರೂರಿನ ಲೆಕ್ಕ

ಗರ್ಭಿಣಿಗೆ ಸೋಂಕು ಇದೆ ಎಂದು ಗೊತ್ತಾದ ದಿನದಿಂದಲೇ ಆಕೆಗೆ ಎಆರ್‌ಟಿ ಶುರುವಾಗಬೇಕು. ಏನೂ ಮಾಡದೆ ಬಿಟ್ಟರೆ, ಎದೆಹಾಲು ಕುಡಿಯುವ ಮಕ್ಕಳಲ್ಲಿ 100ಕ್ಕೆ ಸುಮಾರು 45ರವರೆಗೂ ಸೋಂಕು ತಗಲಬಹುದು. ತಾಯಿ ತಪ್ಪದೆ ಗುಳಿಗೆ ತಗೊಂಡು, ಮಗುವಿಗೂ ಸಿರಪ್ ಕೊಟ್ಟರೆ ಇದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಿನ 32ರಿಂದ 36ನೇ ವಾರದೊಳಗೆ ಆಕೆಯ ವೈರಲ್ ಲೋಡ್ ಪರೀಕ್ಷೆ, ಅಂದರೆ 1 ಎಂಎಲ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ, ಆಗಿರಲೇಬೇಕು. ಮಗುವಿಗೆ ಒಂದು ಸಿರಪ್ಪೋ ಎರಡೋ, ಆರು ವಾರವೋ ಹನ್ನೆರಡೋ ಎಂಬುದು ಆ ವರದಿಯ ಮೇಲೆ ನಿಂತಿದೆ.

ಈಗ ತವರಿನ ಮಾತು. ನಮ್ಮಲ್ಲಿ ಚೊಚ್ಚಲ ಹೆರಿಗೆ, ಬಾಣಂತನ ತವರಲ್ಲಿ. ಮೂರು ತಿಂಗಳೋ ಐದು ತಿಂಗಳೋ ಅಲ್ಲೇ. ಮಗುವಿನ ಮೊದಲ ಪರೀಕ್ಷೆ ಬರುವುದು ಸರಿಯಾಗಿ ಆರನೇ ವಾರಕ್ಕೆ, ಅಂದರೆ ತಾಯಿ ತವರಲ್ಲಿರುವಾಗ. ಗಂಡನ ಊರಿನ ಆಶಾ ‘ಅವರು ಊರಲ್ಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ, ತವರೂರಿನ ಆಶಾಗೆ ವಿಷಯವೇ ಗೊತ್ತಿರುವುದಿಲ್ಲ. ಆದ್ದರಿಂದ ಏಳನೇ ತಿಂಗಳಲ್ಲೇ ಐಸಿಟಿಸಿ (ಸರ್ಕಾರದ ಎಚ್‌ಐವಿ ಪರೀಕ್ಷೆ ಮತ್ತು ಸಲಹೆಯ ಕೇಂದ್ರ) ಕೌನ್ಸೆಲರ್ ಹತ್ತಿರ ಕೂತು ಎರಡು ಮಾತು ಕೇಳಿ: ತವರಿಗೆ ಹತ್ತಿರದ ಯಾವ ಐಸಿಟಿಸಿಯಲ್ಲಿ ಮಗುವಿನ ಡಿಬಿಎಸ್ (ಒಣಗಿಸಿದ ರಕ್ತದ ಚುಕ್ಕೆಯ) ಪರೀಕ್ಷೆ ಮಾಡುತ್ತಾರೆ? ತಾಯಿಯ ಗುಳಿಗೆ ಅಲ್ಲಿ ಯಾವ ಸೆಂಟರ್‌ನಲ್ಲಿ ಸಿಗುತ್ತದೆ? ಕೌನ್ಸೆಲರ್ ಇಂದ ಕೌನ್ಸೆಲರ್‌ಗೆ ಫೋನ್ ಹೋದರೆ ಸಾಕು, ಊರಿಗೆಲ್ಲ ಗೊತ್ತಾಗಬೇಕಿಲ್ಲ.

ಹುಟ್ಟಿದ ಕೂಡಲೆ ಸಿರಪ್, ಮತ್ತು ಎದೆಹಾಲು

ಮಗು ಹುಟ್ಟಿದ ಮೇಲೆ ಆದಷ್ಟು ಬೇಗ ನೆವಿರಪಿನ್ ಅಥವಾ ಜಿಡೋವುಡಿನ್ ಸಿರಪ್ ಶುರುಮಾಡುತ್ತಾರೆ. ತಾಯಿಯ ವೈರಲ್ ಲೋಡ್ ಕೆಳಗಿದ್ದರೆ ಒಂದೇ ಸಿರಪ್, 6 ವಾರ. ವೈರಲ್ ಲೋಡ್ 1000 ದಾಟಿದ್ದರೆ, ಅಥವಾ ಹೆರಿಗೆಗೆ ಬಂದಾಗಲೇ ಸೋಂಕು ಗೊತ್ತಾಗಿದ್ದರೆ, ಎರಡೂ ಸಿರಪ್ ಕೊಡುತ್ತಾರೆ. ಎದೆಹಾಲು ಕುಡಿಯುವ ಮಗುವಿಗೆ 12 ವಾರದವರೆಗೆ.

ನೆವಿರಪಿನ್ ಸಿರಪ್‌ನ 1 ಎಂಎಲ್‌ನಲ್ಲಿ 10 ಮಿಲಿಗ್ರಾಂ ಔಷಧ ಇರುತ್ತದೆ. ಹುಟ್ಟಿದ ತೂಕ ಎರಡೂವರೆ ಕೆಜಿಗಿಂತ ಹೆಚ್ಚಿದ್ದರೆ ದಿನಕ್ಕೊಮ್ಮೆ ಒಂದೂವರೆ ಎಂಎಲ್. 2 ಕೆಜಿಯಿಂದ ಎರಡೂವರೆ ಕೆಜಿ ಇದ್ದರೆ 1 ಎಂಎಲ್. ಅದಕ್ಕೂ ಕಡಿಮೆ ಇದ್ದರೆ ವೈದ್ಯರು ಕೆಜಿ ಲೆಕ್ಕದಲ್ಲಿ ಹೇಳುತ್ತಾರೆ. ಇದನ್ನು ಒಳಲೆಯಲ್ಲೋ ಚಮಚದಲ್ಲೋ ಅಳೆಯಬೇಡಿ. ಔಷಧದ ಚಮಚ ಒಂದು 5 ಎಂಎಲ್, ಬೇಕಾದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಸೂಜಿ ಇಲ್ಲದ ಸಿರಿಂಜ್ ಕೇಳಿ ತಗೊಳ್ಳಿ. ಒಂದೂವರೆಯ ಗೆರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಗುರುತು ಹಾಕಿಟ್ಟರೆ ಕಣ್ಣು ಮಂಜಾದ ಅಜ್ಜಿಯೂ ತಪ್ಪದೆ ಎಳೆಯುತ್ತಾಳೆ. ಸಿರಿಂಜ್ ತುದಿಯನ್ನು ಕೆನ್ನೆಯ ಒಳಭಾಗಕ್ಕೆ ಇಟ್ಟು ನಿಧಾನ ಬಿಡಿ. ಗಂಟಲಿಗೆ ನೇರ ಬಿಟ್ಟರೆ ಕೆಮ್ಮಿ ಹೊರಗೆ ಹಾಕುತ್ತದೆ.

ಆರು ವಾರ ತುಂಬಿದ ಮೇಲೆ ಕೋಟ್ರಿಮಾಕ್ಸಜೋಲ್ ಸಿರಪ್ ಸೇರುತ್ತದೆ. ಇದು ಎಚ್‌ಐವಿ ಔಷಧವಲ್ಲ, ನ್ಯುಮೋನಿಯಾ ತಡೆಯುವಂಥದ್ದು. 5 ಕೆಜಿಗಿಂತ ಕಡಿಮೆ ತೂಕಕ್ಕೆ ದಿನಕ್ಕೊಮ್ಮೆ ಎರಡೂವರೆ ಎಂಎಲ್, 5ರಿಂದ 10 ಕೆಜಿಗೆ 5 ಎಂಎಲ್. ಮಗುವಿಗೆ ಸೋಂಕಿಲ್ಲ ಎಂದು ಖಚಿತವಾಗುವವರೆಗೂ ಇದನ್ನು ನಿಲ್ಲಿಸುವಂತಿಲ್ಲ. ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಎದೆಹಾಲಿನ ವಿಷಯದಲ್ಲಿ ಹಳ್ಳಿಯಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಹೆದರಿ ಹಾಲು ಬಿಡಿಸಿ, ನೀರು ಬೆರೆಸಿದ ಪ್ಯಾಕೆಟ್ ಹಾಲು ಹಾಕುವುದು. ಭೇದಿಯಾಗಿ ಮಗು ಸೊರಗುತ್ತದೆ. ಇನ್ನೊಂದು, ಎದೆಹಾಲಿನ ಜೊತೆಗೇ ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಹರಳೆಣ್ಣೆ, ಸಕ್ಕರೆ ನೀರು, ಆಕಳ ಹಾಲು. ಎರಡೂ ಬೆರೆಸಿ ಕೊಡುವುದೇ ಎಲ್ಲಕ್ಕಿಂತ ಅಪಾಯ: ಹೊರಗಿನ ಪದಾರ್ಥ ಕರುಳಿನ ಒಳಪದರವನ್ನು ಕೆರಳಿಸುತ್ತದೆ, ವೈರಸ್ ಒಳಹೋಗಲು ದಾರಿ ಸುಲಭವಾಗುತ್ತದೆ. ತಾಯಿ ಗುಳಿಗೆ ತಪ್ಪಿಸದೆ ತಗೊಳ್ಳುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಸಿರಪ್ ಔಷಧಗಳು ಇದಕ್ಕೆ ಹೊರತು. ಬಾಣಂತನ ಮಾಡುವ ಹಿರಿಯರಿಗೆ ಕಾಯಿಲೆಯ ಹೆಸರು ಹೇಳಬೇಕಿಲ್ಲ. ‘ಡಾಕ್ಟರು ಬಜೆ ಬೇಡ ಅಂದಾರ, ಹೊಟ್ಟಿ ಕೆಡ್ತೈತಿ’ ಎಂದರೆ ನಡೆಯುತ್ತದೆ.

ಆರನೇ ವಾರದ ಐದು ರಕ್ತದ ಚುಕ್ಕೆ

18 ತಿಂಗಳೊಳಗಿನ ಮಗುವಿಗೆ ಸಾಮಾನ್ಯ ಕಾರ್ಡ್ ಟೆಸ್ಟ್ ಮಾಡಿಸಿ ಪ್ರಯೋಜನವಿಲ್ಲ. ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು. ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಒಂದು ವರ್ಷ ದಾಟಿಯೂ ಉಳಿಯುತ್ತವೆ, ಸೋಂಕು ಇಲ್ಲದಿದ್ದರೂ ‘ಪಾಸಿಟಿವ್’ ತೋರಿಸುತ್ತದೆ. ಪ್ರೈವೇಟ್ ಲ್ಯಾಬಿನಲ್ಲಿ ಎಂಟು ತಿಂಗಳ ಕೂಸಿಗೆ ಈ ಟೆಸ್ಟ್ ಮಾಡಿಸಿ, ಫಲಿತಾಂಶ ನೋಡಿ ಕೈಚೆಲ್ಲಿ ಕೂತವರಿದ್ದಾರೆ. ಬೇಕಾದ್ದು ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ. ಅದಕ್ಕೆ ಡಿಬಿಎಸ್, ಅಂದರೆ ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆ ಸಾಕು.

ಮೊದಲ ಪೆಂಟಾವೇಲೆಂಟ್ ಲಸಿಕೆಯೂ ಆರನೇ ವಾರಕ್ಕೇ ಬರುತ್ತದೆ. ಎರಡೂ ಒಂದೇ ಓಡಾಟದಲ್ಲಿ ಮುಗಿಯುವ ಹಾಗೆ ದಿನ ನೋಡಿಕೊಳ್ಳಿ. ‘ಇಂಜೆಕ್ಷನ್‌ಗೆ ಹೊರಟೆ’ ಎಂದು ಹೊರಟರೆ ಯಾರೂ ಏನೂ ಕೇಳುವುದಿಲ್ಲ.

ಸ್ಯಾಂಪಲ್ ತೆಗೆಯುವುದು ಹೀಗೆ. ಮಗು 5 ಕೆಜಿಗಿಂತ ಕಡಿಮೆ ಇದ್ದರೆ ಹಿಮ್ಮಡಿಯಲ್ಲಿ, 5ರಿಂದ 10 ಕೆಜಿ ಇದ್ದರೆ ಕಾಲಿನ ಹೆಬ್ಬೆರಳಲ್ಲಿ, ಅದಕ್ಕೂ ದೊಡ್ಡ ಮಗುವಾದರೆ ಕೈಬೆರಳಲ್ಲಿ ಚುಚ್ಚುತ್ತಾರೆ. ಹಿಮ್ಮಡಿಯಾದರೆ ಎಡ ಬಲ ಪಕ್ಕದಲ್ಲಿ ಚುಚ್ಚಬೇಕು, ನಡುವೆ ಅಲ್ಲ. ಅಲ್ಲಿ ಎಲುಬು ಹತ್ತಿರ. ಚುಚ್ಚುವ ಮುಂಚೆ ಬೆಚ್ಚಗಿನ ಬಟ್ಟೆಯಿಂದ ಪಾದ ಒತ್ತಿ ಬಿಸಿ ಮಾಡಿದರೆ ರಕ್ತ ಚೆನ್ನಾಗಿ ಬರುತ್ತದೆ. ತಾಯಿ ಮಗುವನ್ನು ಭುಜಕ್ಕೆ ಒರಗಿಸಿಕೊಂಡು ನಿಂತರೆ ಕಾಲು ಕೆಳಗೆ ಜೋತು ಬೀಳುತ್ತದೆ, ಹನಿ ತಾನಾಗಿ ಇಳಿಯುತ್ತದೆ. ಮೊದಲ ಹನಿ ಒರೆಸಿ, ಮುಂದಿನ ದೊಡ್ಡ ಹನಿಗಳನ್ನು ಕಾಗದದ ಮೇಲಿನ ಐದು ವೃತ್ತಗಳಿಗೆ ಬಿಡಬೇಕು. ಒಂದು ವೃತ್ತಕ್ಕೆ ಒಂದು ತುಂಬು ಹನಿ. ಚುಕ್ಕೆ ಕಾಗದದ ಹಿಂಬದಿಗೂ ಇಳಿದಿರಬೇಕು. ಸಾಲದೆ ಬಂತೆಂದು ಅದರ ಮೇಲೇ ಮತ್ತೊಂದು ಹನಿ ಹಾಕಿದರೆ, ಪಾದ ಹಿಂಡಿ ತೆಗೆದರೆ, ಆ ಚುಕ್ಕೆ ಕೆಡುತ್ತದೆ. ಆಮೇಲೆ ಬಿಸಿಲು ತಾಗದ ಕಡೆ, ಫ್ಯಾನ್ ಗಾಳಿ ಇಲ್ಲದೆ, ಕನಿಷ್ಠ 4 ಗಂಟೆ ಒಣಗಬೇಕು. ಮಳೆಗಾಲದಲ್ಲಿ ರಾತ್ರಿ ಪೂರ್ತಿ ಬಿಟ್ಟರೆ ಒಳ್ಳೆಯದು. ಹಸಿಯಿರುವಾಗಲೇ ಜಿಪ್ ಕವರಿಗೆ ಹಾಕಿದ ಸ್ಯಾಂಪಲ್ ಬೂಸಲು ಹಿಡಿದು ಲ್ಯಾಬಿನಿಂದ ವಾಪಸ್ ಬರುತ್ತದೆ, ಮಗುವಿನ ಅಮೂಲ್ಯ ವಾರಗಳು ಹಾಗೇ ಹೋಗುತ್ತವೆ.

ಆ ವಾರಗಳಿಗೆ ಯಾಕಿಷ್ಟು ಬೆಲೆ? ಹುಟ್ಟುವಾಗಲೇ ಸೋಂಕು ಬಂದು ಚಿಕಿತ್ಸೆ ಸಿಗದ ಮಕ್ಕಳಲ್ಲಿ ಮೂರರಲ್ಲಿ ಒಂದು ವರ್ಷದೊಳಗೆ, ಅರ್ಧದಷ್ಟು ಎರಡು ವರ್ಷದೊಳಗೆ ತೀರಿಕೊಳ್ಳುತ್ತವೆ. ಹೆಚ್ಚಿನ ಸಾವು ಮೊದಲ ಕೆಲವೇ ತಿಂಗಳಲ್ಲಿ. ಲಕ್ಷಣ ಕಾಣುವವರೆಗೆ ಕಾಯದೆ ಎಳೆಯ ಕೂಸುಗಳಿಗೆ ತಕ್ಷಣ ಎಆರ್‌ಟಿ ಶುರುಮಾಡಿದಾಗ ಸಾವು ಶೇ 76ರಷ್ಟು ಇಳಿಯಿತು ಎಂದು 2008ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನ ತೋರಿಸಿತು. ಆದ್ದರಿಂದ ಸ್ಯಾಂಪಲ್ ಕೊಟ್ಟು ಬಂದವರು ‘ರಿಪೋರ್ಟ್ ಬಂದರೆ ಹೇಳ್ತಾರೆ’ ಎಂದು ಸುಮ್ಮನಿರಬೇಡಿ. ಎರಡು ವಾರ ಬಿಟ್ಟು ಫೋನ್ ಮಾಡಿ, ಮೂರನೇ ವಾರಕ್ಕೆ ಮತ್ತೆ ಮಾಡಿ.

ಪಾಸಿಟಿವ್ ಬಂದರೆ ಖಚಿತಪಡಿಸಲು ಎರಡನೇ ಸ್ಯಾಂಪಲ್ ತೆಗೆಯುತ್ತಾರೆ. ಅದೇ ಭೇಟಿಯಲ್ಲಿ ಮಗುವನ್ನು ಎಆರ್‌ಟಿ ವೈದ್ಯರಿಗೂ ತೋರಿಸಿ. ನೆಗೆಟಿವ್ ಬಂದರೆ ಖುಷಿಪಡಿ, ಆದರೆ ಕಡತ ಮುಚ್ಚಬೇಡಿ. ಎದೆಹಾಲು ಕುಡಿಯುವವರೆಗೂ ಅಪಾಯ ಇದ್ದೇ ಇದೆ. 6 ತಿಂಗಳಿಗೆ, 12 ತಿಂಗಳಿಗೆ, ಹಾಲು ಬಿಡಿಸಿದ 6 ವಾರಕ್ಕೆ, ಕೊನೆಗೆ 18 ತಿಂಗಳಿಗೆ ಪರೀಕ್ಷೆ ಆಗಬೇಕು. 18 ತಿಂಗಳ ಪರೀಕ್ಷೆ ಎಲ್ಲ ನೆಗೆಟಿವ್ ಬಂದ ಮಕ್ಕಳಿಗೂ ಬೇಕು. ಹೆಚ್ಚು ಮಂದಿ ಬಿಟ್ಟುಬಿಡುವುದು ಇದನ್ನೇ. ತಾಯಿ ಕಾರ್ಡಿನ ಹಿಂಬದಿಯಲ್ಲಿ ಈ ತಾರೀಖುಗಳನ್ನು ಮೊದಲೇ ಬರೆದಿಡಿ. ‘ರಕ್ತ ಪರೀಕ್ಷೆ’ ಎಂದಷ್ಟೇ ಬರೆದರೆ ಸಾಕು.

ದೊಡ್ಡ ಮಕ್ಕಳು: ಯಾರೂ ಪರೀಕ್ಷೆ ಮಾಡಿಸದವರು

ತಂದೆ ಅಥವಾ ತಾಯಿ ಎಆರ್‌ಟಿಯಲ್ಲಿದ್ದರೆ ಮನೆಯ ಎಲ್ಲ ಮಕ್ಕಳಿಗೂ ಪರೀಕ್ಷೆ ಆಗಬೇಕು, ಆರೋಗ್ಯವಾಗಿ ಕಂಡರೂ. ಹುಟ್ಟುವಾಗ ಸೋಂಕು ಬಂದ ಕೆಲವು ಮಕ್ಕಳು ಹತ್ತು ಹನ್ನೆರಡು ವರ್ಷದವರೆಗೂ ಹೇಗೋ ನಡೆದಿರುತ್ತಾರೆ. ಅಂಗನವಾಡಿ, ಶಾಲೆಯಲ್ಲಿ ಇವರನ್ನು ಗುರುತಿಸುವ ಚಿಹ್ನೆಗಳು: ವರ್ಷಕ್ಕೆ ಎರಡು ಮೂರು ಸಲ ನ್ಯುಮೋನಿಯಾ, ತಿಂಗಳುಗಟ್ಟಲೆ ಕಿವಿ ಸೋರುವುದು, ಬಾಯಿಯಲ್ಲಿ ಮೊಸರಿನಂಥ ಬಿಳಿ ಪದರ, ಎರಡೂ ಕೆನ್ನೆಯ ಹಿಂದೆ ನೋವಿಲ್ಲದ ಬಾವು, ಕೈಕಾಲಿಗೆಲ್ಲ ತುರಿಸುವ ಕಪ್ಪು ಗುಳ್ಳೆ, ಓರಗೆಯವರಿಗಿಂತ ಎರಡು ವರ್ಷ ಚಿಕ್ಕವರಂತೆ ಕಾಣುವುದು, ಟಿಬಿ. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದ ಮಗು ತಿಂದರೂ ತೂಕ ಏರದಿದ್ದರೆ ಎಚ್‌ಐವಿ ಪರೀಕ್ಷೆ ಕೇಳಿ. ಪೋಷಕರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಗುರುತಿಸಿದ ಟೀಚರ್ ಮಾಡಬೇಕಾದ್ದು ಮನೆಯವರ ಹತ್ತಿರ ಒಂಟಿಯಾಗಿ ಮಾತಾಡುವುದು ಅಷ್ಟೇ.

ಎಆರ್‌ಟಿ ಸೆಂಟರ್‌ನ ಮೊದಲ ದಿನ

ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಎಆರ್‌ಟಿ ಸೆಂಟರ್ ಇರುತ್ತದೆ. ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಸೆಂಟರ್ ಇದೆ. ಚಿಕಿತ್ಸೆ ಒಂದು ಹದಕ್ಕೆ ಬಂದ ಮೇಲೆ ಗುಳಿಗೆ ಅಲ್ಲಿಂದಲೇ ತಗೊಳ್ಳಬಹುದು. ನಿಮಗೆ ಹತ್ತಿರದ್ದು ಯಾವುದು ಎಂದು 1097ಕ್ಕೆ ಫೋನ್ ಮಾಡಿ ಕೇಳಿ, ಅದು ಉಚಿತ ಸಹಾಯವಾಣಿ. ಜಟಿಲವಾದ ಮಕ್ಕಳ ಪ್ರಕರಣಗಳನ್ನು ವೈದ್ಯರು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಕಳಿಸುತ್ತಾರೆ.

ಒಯ್ಯಬೇಕಾದ್ದು: ಐಸಿಟಿಸಿ ವರದಿ, ತಾಯಿ ಕಾರ್ಡ್, ಹಳೆಯ ಚೀಟಿಗಳು, ಈಗ ಕೊಡುತ್ತಿರುವ ಎಲ್ಲ ಔಷಧದ ಬಾಟಲಿಗಳು. ಆಧಾರ್ ಇದ್ದರೆ ಇರಲಿ. ಇಲ್ಲವೆಂದು ಮನೆಯಲ್ಲಿ ಕೂರಬೇಡಿ, ಹೋಗಿ ಕೌನ್ಸೆಲರ್ ಹತ್ತಿರ ಹೇಳಿ. ಮೊದಲ ದಿನ ಹೊತ್ತು ಹೋಗುತ್ತದೆ. ರಕ್ತ, ತೂಕ, ಎತ್ತರ, ಟಿಬಿಯ ನಾಲ್ಕು ಪ್ರಶ್ನೆ: ಕೆಮ್ಮು, ಜ್ವರ, ತೂಕ ಏರದಿರುವುದು, ಮನೆಯಲ್ಲಿ ಯಾರಿಗಾದರೂ ಟಿಬಿ. ಈ ನಾಲ್ಕನೆಯದನ್ನು ಮುಚ್ಚಿಡಬೇಡಿ. ಕೊನೆಗೆ ಒಂದು ಹಸಿರು ಪುಸ್ತಕ ಕೊಡುತ್ತಾರೆ. ಮಗುವಿನ ನೋಂದಣಿ ಸಂಖ್ಯೆ, ಔಷಧ, ಮುಂದಿನ ತಾರೀಖು ಎಲ್ಲ ಅದರಲ್ಲಿದೆ. ಅದರ ಪುಟಗಳ ಫೋಟೊ ಹೊಣೆ ಹೊತ್ತ ಇಬ್ಬರ ಮೊಬೈಲಿನಲ್ಲೂ ಇರಲಿ.

ಗುಳಿಗೆ ಕಲಸುವ ಹತ್ತು ನಿಮಿಷ

ಸಣ್ಣ ಮಕ್ಕಳಿಗೆ ಈಗ ಹೆಚ್ಚಾಗಿ ಕೊಡುವುದು ನೀರಿನಲ್ಲಿ ಕರಗುವ ಎರಡು ಗುಳಿಗೆ: ಅಬಕವಿರ್ ಮತ್ತು ಲ್ಯಾಮಿವುಡಿನ್ ಕೂಡಿಸಿದ 120/60 ಮಿಲಿಗ್ರಾಂನದು ಒಂದು, ಡೋಲುಟೆಗ್ರಾವಿರ್ 10 ಮಿಲಿಗ್ರಾಂನದು ಇನ್ನೊಂದು. ಎರಡನ್ನೂ ಒಂದೇ ನೀರಿನಲ್ಲಿ ಕಲಸಬಹುದು.

ಸಣ್ಣ ಸ್ಟೀಲ್ ಲೋಟಕ್ಕೆ ಕುದಿಸಿ ಆರಿಸಿದ ನೀರು ಎರಡು ಚಮಚದಿಂದ ನಾಲ್ಕು ಚಮಚ, ಅಂದರೆ 10ರಿಂದ 20 ಎಂಎಲ್. ನೀರು ಜಾಸ್ತಿ ಹಾಕಿದರೆ ಮಗು ಅರ್ಧಕ್ಕೇ ಸಾಕೆನ್ನುತ್ತದೆ, ಉಳಿದ ಅರ್ಧದಲ್ಲಿ ಅರ್ಧ ಡೋಸೂ ಉಳಿಯುತ್ತದೆ. ಗುಳಿಗೆ ಹಾಕಿ, ಉಂಡೆ ಉಳಿಯದ ಹಾಗೆ ಕಲಕಿ. ಸಂಪೂರ್ಣ ತಿಳಿಯಾಗುವುದಿಲ್ಲ, ಸುಣ್ಣ ಕಲಸಿದ ನೀರಿನಂತೆ ಮಬ್ಬಾಗಿ ಇರುತ್ತದೆ, ಅದು ಸರಿ. ಕೂಡಲೆ ಕುಡಿಸಿ, ಅರ್ಧ ಗಂಟೆ ಮೀರಿ ಇಡಬಾರದು. ಈಗ ಲೋಟದ ತಳ ನೋಡಿ: ಬಿಳಿ ಪುಡಿ ಅಂಟಿಕೊಂಡಿರುತ್ತದೆ. ಅದೂ ಔಷಧವೇ. ಒಂದು ಚಮಚ ನೀರು ಹಾಕಿ, ಅಲ್ಲಾಡಿಸಿ, ಅದನ್ನೂ ಕುಡಿಸಿದರೆ ಡೋಸ್ ಪೂರ್ತಿಯಾಯಿತು. ‘ಗುಳಿಗೆ ದಿನಾ ಕೊಡ್ತೀವಿ, ಆದ್ರೂ ವೈರಸ್ ಇಳೀತಿಲ್ಲ’ ಎನ್ನುವ ಮನೆಗಳಲ್ಲಿ ಮೊದಲು ಕೇಳಬೇಕಾದ್ದು ಈ ಲೋಟದ ತಳದ ಬಗ್ಗೆ.

ಅರ್ಧ ಗುಳಿಗೆ ಬೇಕಾದಾಗ ನಡುವಿನ ಗೆರೆಯ ಮೇಲೆ ಮುರಿದು, ಉಳಿದ ಅರ್ಧವನ್ನು ಅದೇ ಬಾಟಲಿಗೆ ಹಾಕಿ ಮುಚ್ಚಿ. ಬಾಟಲಿಯೊಳಗಿನ ತೇವ ಹೀರುವ ಚಿಕ್ಕ ಪೊಟ್ಟಣ ಎಸೆಯಬೇಡಿ. ತಗಡಿನ ಮಾಡಿನ ಕೆಳಗಿನ ಅಟ್ಟ, ಒಲೆಯ ಪಕ್ಕದ ಗೂಡು ಔಷಧ ಇಡುವ ಜಾಗವಲ್ಲ. ನೀರಿನ ಹರವಿ ಇಡುವ ತಂಪಿನ ಕಡೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿಡಿ.

ಕೆಲವು ಮಕ್ಕಳಿಗೆ ಲೋಪಿನವಿರ್ ಕಾಳುಗಳ ಕ್ಯಾಪ್ಸೂಲ್ ಕೊಟ್ಟಿರಬಹುದು. ಅದನ್ನು ನೀರಿಗೆ ಕಲಸಬಾರದು, ಕುಟ್ಟಬಾರದು, ಬಹಳ ಕಹಿ. ಕ್ಯಾಪ್ಸೂಲ್ ಬಿಚ್ಚಿ ಕಾಳುಗಳನ್ನು ಆರಿದ ಗಂಜಿ ಅಥವಾ ಮೊಸರನ್ನದ ಒಂದು ತುತ್ತಿನ ಮೇಲೆ ಉದುರಿಸಿ, ಅಗಿಯದೆ ನುಂಗಿಸಿ.

ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಮತ್ತೊಮ್ಮೆ ಪೂರ್ತಿ ಡೋಸ್ ಕೊಡಿ. ಮರೆತರೆ, 12 ಗಂಟೆಯೊಳಗೆ ನೆನಪಾದರೆ ಆಗಲೇ ಕೊಡಿ. ಅದು ದಾಟಿದ್ದರೆ ಮುಂದಿನ ಹೊತ್ತಿಗೆ ಒಂದೇ ಡೋಸ್. ನಿನ್ನೆಯದನ್ನೂ ಸೇರಿಸಿ ಎರಡು ಕೊಡಬಾರದು.

ಯಾವ ಹೊತ್ತಿಗೆ ಕೊಡುವುದು? ಗಡಿಯಾರಕ್ಕಿಂತ ದಿನವೂ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕಿ: ರಾತ್ರಿ ಊಟ ಆಗಿ ಹಾಸಿಗೆ ಹಾಸುವ ಮುಂಚೆ. ರಾತ್ರಿಯೇ ವಾಸಿ ಎನ್ನಲು ಇನ್ನೊಂದು ಕಾರಣವಿದೆ. ಡೋಲುಟೆಗ್ರಾವಿರ್‌ಗೆ ಕಬ್ಬಿಣದ, ಕ್ಯಾಲ್ಶಿಯಂ, ಝಿಂಕ್ ಗುಳಿಗೆಗಳು ಆಗಿಬರುವುದಿಲ್ಲ; ಹೊಟ್ಟೆಯಲ್ಲಿ ಅಂಟಿಕೊಂಡು ಔಷಧ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಅವನ್ನು ತಗೊಂಡ 6 ಗಂಟೆಯ ಮೇಲೆ ಅಥವಾ 2 ಗಂಟೆ ಮುಂಚೆ ಇದನ್ನು ಕೊಡಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಬಿಸಿಯೂಟದ ನಂತರ ಕಬ್ಬಿಣದ ಗುಳಿಗೆ ಕೊಡುತ್ತಾರಲ್ಲ, ಮಧ್ಯಾಹ್ನ ಒಂದೂವರೆಗೆ ಅದು, ರಾತ್ರಿ ಎಂಟಕ್ಕೆ ಇದು ಎಂದರೆ ಸರಿಹೋಗುತ್ತದೆ. ಟೀಚರಿಗೆ ಏನೂ ಹೇಳುವ ಅಗತ್ಯವೂ ಬರುವುದಿಲ್ಲ.

ತೂಕ ಏರಿದರೆ ಡೋಸ್ ಏರಬೇಕು

ದೊಡ್ಡವರ ಚಿಕಿತ್ಸೆಗೂ ಮಕ್ಕಳದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 6ರಿಂದ 9.9 ಕೆಜಿಯವರೆಗೆ ಮೇಲಿನ ಎರಡೂ ಗುಳಿಗೆ ತಲಾ ಒಂದೂವರೆ, 10ರಿಂದ 13.9ಕ್ಕೆ ತಲಾ ಎರಡು, 14ರಿಂದ 19.9ಕ್ಕೆ ತಲಾ ಎರಡೂವರೆ. 3ರಿಂದ 5.9 ಕೆಜಿಯ ಕೂಸಿಗೆ ಮಾತ್ರ ಬೇರೆ ಬೇರೆ: ಅಬಕವಿರ್ ಇರುವುದು ಒಂದು, ಡೋಲುಟೆಗ್ರಾವಿರ್ ಅರ್ಧ. ಡೋಸ್ ಬದಲಿಸುವುದು ವೈದ್ಯರ ಕೆಲಸ. ಆದರೆ ಈ ಗಡಿಗಳು ನಿಮಗೆ ಗೊತ್ತಿದ್ದರೆ ಕೇಳಲು ಬಾಯಿ ಬರುತ್ತದೆ. ಚಿಕಿತ್ಸೆ ಹಿಡಿದ ಮಗು ಬೇಗ ಮೈತುಂಬಿಕೊಳ್ಳುತ್ತದೆ. 9.7 ಕೆಜಿಗೆ ಬರೆದ ಚೀಟಿಯನ್ನೇ ಮೂರು ತಿಂಗಳು ಮುಂದುವರಿಸಿದರೆ 11 ಕೆಜಿಯ ಮೈಗೆ ಔಷಧ ಸಾಲದು. ಸಾಲದ ಔಷಧದ ನಡುವೆ ಉಳಿದ ವೈರಸ್ ಆ ಔಷಧಕ್ಕೆ ಬಗ್ಗದಂತೆ ಕಲಿಯುತ್ತದೆ.

ಅಂಗನವಾಡಿಯ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ, ಚಪ್ಪಲಿ ಸ್ವೆಟರ್ ಬಿಚ್ಚಿಸಿ ತೂಗಿ, ಬರೆದಿಡಿ. ಮಗುವನ್ನು ಮನೆಯಲ್ಲೇ ಬಿಟ್ಟು ಅಜ್ಜ ಒಬ್ಬರೇ ಹೋಗಿ ಗುಳಿಗೆ ತರುವ ರೂಢಿ ಹಲವು ಕಡೆ ಇದೆ. ಹಾಗೆ ಹೋಗಲೇಬೇಕಾದಾಗ ಆ ತೂಕದ ಚೀಟಿಯನ್ನಾದರೂ ಒಯ್ಯಲಿ.

ಮಕ್ಕಳ ಗುಳಿಗೆ ಸ್ಟಾಕ್ ಇಲ್ಲವೆಂದರೆ ದೊಡ್ಡವರ ಗುಳಿಗೆ ಮುರಿದು ಕೊಡಬೇಡಿ. ದೊಡ್ಡವರ 50 ಮಿಲಿಗ್ರಾಂ ಡೋಲುಟೆಗ್ರಾವಿರ್ ಮೈಗೆ ಹತ್ತುವ ರೀತಿಯೇ ಬೇರೆ. ಕರಗುವ ಗುಳಿಗೆಯಾದರೆ 30 ಮಿಲಿಗ್ರಾಂ ಅದಕ್ಕೆ ಸಮ. ಇರುವಷ್ಟು ದಿನದ್ದು ಕೊಡಿ ಎಂದು ಕೇಳಿ, ಪಕ್ಕದ ಸೆಂಟರ್‌ನಲ್ಲಿ ಇದೆಯೇ ಎಂದು ಅಲ್ಲಿಂದಲೇ ವಿಚಾರಿಸಿ, ಬರಿಗೈಲಿ ವಾಪಸ್ ಬರಬೇಡಿ. ಮನೆಯಲ್ಲಿ ಯಾವಾಗಲೂ ಒಂದು ವಾರದ ಗುಳಿಗೆ ಹೆಚ್ಚಿಗೆ ಇರುವ ಹಾಗೆ ತಾರೀಖಿಗೆ ಮುಂಚೆಯೇ ಹೋಗುವುದೇ ಇದಕ್ಕೆ ಮದ್ದು.

ಮೊದಲ ತಿಂಗಳಲ್ಲಿ ಹೆದರಿ ಬಿಡುವವರು

ಶುರುಮಾಡಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ಕಾಯಿಲೆ ಹೆಚ್ಚಾದಂತೆ ಕಾಣುತ್ತದೆ: ಜ್ವರ, ಕತ್ತಿನ ಗಂಟು, ಬಿಸಿಜಿ ಲಸಿಕೆ ಚುಚ್ಚಿದ ತೋಳಿನಲ್ಲಿ ಬಾವು ಅಥವಾ ಹುಣ್ಣು. ಮಲಗಿದ್ದ ರೋಗನಿರೋಧಕ ಶಕ್ತಿ ಎದ್ದು ಒಳಗೆ ಅಡಗಿದ್ದ ಸೋಂಕಿನ ಮೇಲೆ ಬೀಳುವಾಗ ಹೀಗಾಗುತ್ತದೆ. ‘ಈ ಗುಳಿಗೆ ಮಗುವಿಗೆ ಆಗಿಬರಲಿಲ್ಲ’ ಎಂದು ನಿಲ್ಲಿಸಿ ನಾಟಿ ಔಷಧಕ್ಕೆ ಹೋಗುವುದು ಈ ಹಂತದಲ್ಲೇ. ಗುಳಿಗೆ ನಿಲ್ಲಿಸದೆ ಮಗುವನ್ನು ಸೆಂಟರ್‌ಗೆ ತನ್ನಿ.

ಒಂದು ಸ್ಥಿತಿ ಮಾತ್ರ ಬೇರೆ. ಅಬಕವಿರ್ ಶುರುಮಾಡಿದ ಮೊದಲ 6 ವಾರದೊಳಗೆ ಜ್ವರ, ದದ್ದು, ವಾಂತಿ, ಉಸಿರಾಟದ ತೊಂದರೆ ಒಟ್ಟೊಟ್ಟಿಗೆ ಬಂದು, ಪ್ರತಿ ಡೋಸ್ ಆದ ಮೇಲೆ ಹೆಚ್ಚಾದರೆ ಅದು ತೀವ್ರ ಅಲರ್ಜಿ ಇರಬಹುದು. ಮುಂದಿನ ಡೋಸ್ ಕೊಡುವ ಮುಂಚೆ ವೈದ್ಯರಿಗೆ ತೋರಿಸಿ. ಅಲರ್ಜಿ ಹೌದು ಎಂದಾದರೆ ಆ ಔಷಧ ಮಗುವಿಗೆ ಜೀವಮಾನವಿಡೀ ಮತ್ತೆ ಕೊಡಬಾರದು. ಹಸಿರು ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ.

ಟಿಬಿ ಔಷಧ ಶುರುವಾದರೆ ಅಲ್ಲಿಯ ವೈದ್ಯರಿಗೆ ಎಆರ್‌ಟಿ ವಿಷಯ, ಎಆರ್‌ಟಿ ವೈದ್ಯರಿಗೆ ಟಿಬಿ ವಿಷಯ ಹೇಳಲೇಬೇಕು. ಟಿಬಿಯ ಔಷಧ ರಿಫಾಂಪಿಸಿನ್ ಜೊತೆಗೆ ಡೋಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಚಿಕಿತ್ಸೆ ಹಿಡಿದಿದೆಯೇ ಎಂದು ತಿಳಿಯಲು ಆರು ತಿಂಗಳಿಗೆ ವೈರಲ್ ಲೋಡ್ ಮಾಡುತ್ತಾರೆ, ಮುಂದೆ ಸೆಂಟರ್ ಹೇಳಿದ ಅವಧಿಗೆ. 1000ಕ್ಕಿಂತ ಮೇಲೆ ಬಂದರೆ ಬೈಸಿಕೊಳ್ಳಬೇಕಾದೀತೆಂದು ಹೆದರಿ ಸುಳ್ಳು ಹೇಳಬೇಡಿ. ತಿಂಗಳಲ್ಲಿ ಎರಡು ಡೋಸ್ ತಪ್ಪಿದರೇ, ತಗೊಂಡ ಡೋಸ್‌ಗಳ ಲೆಕ್ಕ ಶೇ 95ರಿಂದ ಕೆಳಗಿಳಿದಂತೆ. ಎಲ್ಲಿ ತಪ್ಪಿತು ಎಂಬ ನಿಜ ಗೊತ್ತಾದರೆ ಔಷಧ ಬದಲಿಸದೆಯೇ ಸರಿಮಾಡಬಹುದು.

ಬಸ್ಸು, ಕಬ್ಬಿನ ಸುಗ್ಗಿ, ದುಡ್ಡು

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್‌ನಲ್ಲಿ ಟಿಕೆಟ್ ದುಡ್ಡಿಲ್ಲ. ಆದ್ದರಿಂದ ಮಗುವನ್ನು ಕರೆದೊಯ್ಯುವ ಹೊಣೆ ಅಜ್ಜಿ ಅಥವಾ ಚಿಕ್ಕಮ್ಮನದಾದರೆ ಖರ್ಚು ಉಳಿಯುತ್ತದೆ. ಗುರುತಿನ ಚೀಟಿ ಜೊತೆಗಿರಲಿ.

ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೋ, ಕಟ್ಟಡ ಕೆಲಸಕ್ಕೆ ಗೋವಾ, ಬೆಂಗಳೂರಿಗೋ ಹೋಗುವ ಕುಟುಂಬ ಹೊರಡುವ ಎರಡು ವಾರ ಮುಂಚೆ ಸೆಂಟರ್‌ಗೆ ಹೇಳಬೇಕು. ಸ್ವಲ್ಪ ದಿನಕ್ಕಾದರೆ ಹೆಚ್ಚು ದಿನದ ಗುಳಿಗೆ ಕೇಳಿ. ಹಸಿರು ಪುಸ್ತಕ ತೋರಿಸಿದರೆ ಹೋದ ಊರಿನ ಹತ್ತಿರದ ಎಆರ್‌ಟಿ ಸೆಂಟರ್‌ನಲ್ಲಿ ತಾತ್ಕಾಲಿಕವಾಗಿ ಗುಳಿಗೆ ಸಿಗುತ್ತದೆ. ವರ್ಷಗಟ್ಟಲೆ ಅಲ್ಲೇ ಉಳಿಯುವುದಾದರೆ ವರ್ಗಾವಣೆ ಪತ್ರ ಮಾಡಿಸಿ. ಹೇಳದೆ ಹೋದ ಮಗು ಇಲ್ಲಿ ‘ತಪ್ಪಿಹೋದವರ’ ಪಟ್ಟಿಗೆ ಸೇರುತ್ತದೆ, ಅಲ್ಲಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತದೆ. ಹಳ್ಳಿಯ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪೋಷಕರು ತೀರಿಕೊಂಡಿದ್ದರೆ ಮರಣ ಪತ್ರ, ಆಧಾರ್, ಶಾಲೆಯ ದೃಢೀಕರಣ, ಮಗುವಿನ ಹೆಸರಿನ ಬ್ಯಾಂಕ್ ಖಾತೆ ಸಿದ್ಧಮಾಡಿ. ಸೋಂಕಿನ ದಾಖಲೆ ಬೇಕಾದರೆ ಮುಚ್ಚಿದ ಲಕೋಟೆಯಲ್ಲಿ ನೇರ ಘಟಕಕ್ಕೆ ಕೊಡಿ. ಪಂಚಾಯ್ತಿ ಕಚೇರಿಯ ಮೇಜಿನ ಮೇಲೆ ಅದು ಬೀಳಬಾರದು.

ಗುಟ್ಟು, ಶಾಲೆ, ಮತ್ತು ಮಗುವಿಗೆ ಹೇಳುವುದು

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆ ಸೀಟು ನಿರಾಕರಿಸುವಂತಿಲ್ಲ, ಬೇರೆ ಕೂರಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ವಿಷಯ ಹೊರಹಾಕುವಂತಿಲ್ಲ. ಶಾಲೆಗೆ ಹೇಳಲೇಬೇಕೆಂಬ ನಿಯಮವೂ ಇಲ್ಲ. ಇದೇ ಕಾಯ್ದೆಯ 32ನೇ ಕಲಂ ಬಹಳ ಮಂದಿಗೆ ಗೊತ್ತಿಲ್ಲ: ಸೋಂಕು ಬಾಧಿಸಿದ ಮನೆಯನ್ನು ನಡೆಸುತ್ತಿರುವ, ತಿಳಿವಳಿಕೆಯುಳ್ಳ 12 ವರ್ಷ ತುಂಬಿದ ಅಕ್ಕ ಅಥವಾ ಅಣ್ಣ, ತಮ್ಮ ತಂಗಿಯರ ಚಿಕಿತ್ಸೆ, ಶಾಲೆ ಸೇರ್ಪಡೆ, ಬ್ಯಾಂಕ್ ಖಾತೆಗೆ ಪೋಷಕರಾಗಿ ಸಹಿ ಹಾಕಬಹುದು. ದೊಡ್ಡವರಿಲ್ಲವೆಂದು ಅಂಥ ಮಕ್ಕಳನ್ನು ವಾಪಸ್ ಕಳಿಸಿದರೆ ಈ ಕಲಂ ತೋರಿಸಿ.

ಆಶಾ ಕಾರ್ಯಕರ್ತೆ ಒಂದೇ ಮನೆಗೆ ಪದೇ ಪದೇ ಹೋದರೆ ಓಣಿಯವರ ಕಣ್ಣಿಗೆ ಬೀಳುತ್ತದೆ. ಲಸಿಕೆ ದಿನ, ತೂಕದ ದಿನದಲ್ಲೇ ಮಾತು ಮುಗಿಸಿ. ಬಾಟಲಿಯ ಲೇಬಲ್ ಕಿತ್ತುಹಾಕುವ ಅಭ್ಯಾಸ ಕೆಲವರಿಗಿದೆ. ಕೀಳಬೇಡಿ, ಮೇಲೆ ಕಾಗದ ಸುತ್ತಿ. ಎರಡು ಮಕ್ಕಳಿರುವ ಮನೆಯಲ್ಲಿ ಲೇಬಲ್ ಇಲ್ಲದ ಬಾಟಲಿಗಳು ಅದಲುಬದಲಾಗುತ್ತವೆ.

ಮಗುವಿಗೆ ವಿಷಯ ಹೇಳುವುದನ್ನು ಆರು ಏಳನೇ ವಯಸ್ಸಿಗೆ ಶುರುಮಾಡಿ, ಹೆಸರಿಲ್ಲದೆ: ‘ನಿನ್ನ ರಕ್ತದಾಗ ಒಂದು ಹುಳ ಮಲಗೈತಿ, ಈ ಗುಳಿಗಿ ಅದನ್ನ ಏಳದಂಗ ಮಾಡ್ತೈತಿ, ಒಂದಿನ ಬಿಟ್ರ ಏಳ್ತೈತಿ.’ ಹತ್ತರಿಂದ ಹನ್ನೆರಡರ ಒಳಗೆ ಕೌನ್ಸೆಲರ್ ಎದುರು ಕಾಯಿಲೆಯ ಹೆಸರು ಹೇಳಿ. ‘ನಿನ್ನಿಂದ ಏನೂ ತಪ್ಪಾಗಿಲ್ಲ’ ಎಂಬ ಮಾತು ಅದೇ ಕೂರಿಕೆಯಲ್ಲಿ ಬರಬೇಕು. ಮುಚ್ಚಿಟ್ಟರೆ ಮಗು ಮೊಬೈಲಿನಲ್ಲಿ ಗುಳಿಗೆಯ ಹೆಸರು ಹುಡುಕಿ ಒಂಟಿಯಾಗಿ ತಿಳಿದುಕೊಳ್ಳುತ್ತದೆ, ಮಾರನೇ ದಿನದಿಂದ ಗುಳಿಗೆ ಬಚ್ಚಲಿಗೆ ಹೋಗುತ್ತದೆ.

ಹಾಸ್ಟೆಲ್‌ಗೆ ಹೊರಡುವಾಗ

ಆರನೇ ತರಗತಿಗೋ ಎಂಟಕ್ಕೋ ವಸತಿ ಶಾಲೆ ಸೇರುವ ಮಗುವಿನ ಪೆಟ್ಟಿಗೆ ಕಟ್ಟುವ ಮುಂಚೆ ಎಆರ್‌ಟಿ ವೈದ್ಯರನ್ನು ಕಾಣಿ. ವಯಸ್ಸು 10 ದಾಟಿ ತೂಕ 30 ಕೆಜಿ ಮುಟ್ಟಿದ್ದರೆ ಮೂರು ಔಷಧ ಕೂಡಿಸಿದ, ದಿನಕ್ಕೆ ಒಂದೇ ಗುಳಿಗೆಯ ಟಿಎಲ್‌ಡಿಗೆ ಬದಲಿಸಲು ಆಗುತ್ತದೆಯೇ ಎಂದು ಕೇಳಿ. ಮೂರು ನಾಲ್ಕು ಗುಳಿಗೆ ನುಂಗುವುದಕ್ಕಿಂತ ಒಂದನ್ನು ನುಂಗುವುದು ಹತ್ತು ಮಕ್ಕಳ ನಡುವೆ ಸುಲಭ. ಗುಳಿಗೆ ಅಲ್ಲಾಡಿ ಸದ್ದು ಮಾಡದ ಹಾಗೆ ಬಾಟಲಿಯೊಳಗೆ ಸ್ವಲ್ಪ ಹತ್ತಿ ಇಡಿ. ಬೀಗ ಇರುವ ಟ್ರಂಕು ಕೊಡಿಸಿ, ಒಂದು ಕೀ ಮನೆಯಲ್ಲಿರಲಿ. ಹಾಸ್ಟೆಲ್ ಸೇರುವ ಎರಡು ತಿಂಗಳು ಮುಂಚಿನಿಂದ ಮಗು ತಾನೇ ಗುಳಿಗೆ ತೆಗೆದು ತಾನೇ ನುಂಗಲಿ, ನೀವು ನೋಡುತ್ತಿರಿ ಅಷ್ಟೆ. ವಾರ್ಡನ್‌ಗೆ ಹೇಳಬೇಕೋ ಬೇಡವೋ ಎಂಬುದನ್ನು ಮಗುವನ್ನೂ ಕೂರಿಸಿಕೊಂಡು ತೀರ್ಮಾನಿಸಿ. ಹೇಳುವುದಾದರೆ ಒಬ್ಬರಿಗೆ ಮಾತ್ರ, ಅವರು ವರ್ಗವಾದಾಗ ಮುಂದಿನವರಿಗೆ ಯಾರು ಹೇಳಬೇಕು ಎಂಬುದನ್ನೂ ಸೇರಿಸಿ. ಸೆಂಟರ್‌ನ ಮುಂದಿನ ತಾರೀಖು ಭಾನುವಾರಕ್ಕೋ ಪರೀಕ್ಷೆಯ ದಿನಕ್ಕೋ ಬೀಳದಂತೆ ಶಾಲೆಯ ಕ್ಯಾಲೆಂಡರ್ ಒಯ್ದು ತೋರಿಸಿ, ರಜೆಯ ದಿನಗಳಿಗೆ ಹೊಂದಿಸಿಕೊಳ್ಳಿ.